ಔಟರ್‌ನಲ್ಲಿ ನಿಂತ ಮಾತು

ಹೋದ ವಾರ ಮೈದುನನ ಮನೆಯಲ್ಲಿರುವ ಅತ್ತೆಯವರನ್ನು ನೋಡಿಕೊಂಡು ಬರಲು ಬುಕ್ಕಾಂಬುಧಿಗೆ ಹೊರಟಿದ್ದೆ. ಅಜ್ಜಂಪುರ ದಾಟುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಹೊಸ ಈರುಳ್ಳಿಯ ವಾಸನೆ ಒಳಗೆ ನುಗ್ಗಿತು. ಕಿತ್ತ ಮೇಲೆ ಮಳೆಗೆ ಸಿಕ್ಕಿ ಅರ್ಧಂಬರ್ಧ ಒಣಗಿದ ಈರುಳ್ಳಿ. ಅಡುಗೆಮನೆಯ ಈರುಳ್ಳಿಯ ಘಾಟು ಬೇರೆ. ಇದಕ್ಕೆ ಒದ್ದೆ ಮಣ್ಣಿನ ಜೊತೆ ಸೇರಿದ ಒಂದು ಮಂದವಾದ ಸಿಹಿ ಇರುತ್ತದೆ. ರಸ್ತೆಯ ಬದಿಯಲ್ಲಿ ಹೆಂಗಸರು ತಲೆಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತು ಗಡ್ಡೆಯಿಂದ ಸೊಪ್ಪು ಕೊಯ್ಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದವರು, "ಕಿಟಕಿ ಹಾಕ್ಕಳಮ್ಮ, ಕಣ್ಣುರಿ ಬತ್ತದೆ" ಎಂದರು. ಹಾಕಿದೆ. ಆಗಲೇ ಕಣ್ಣು ತುಂಬಿತ್ತು. ಈರುಳ್ಳಿಯ ನೆಪ ಹೇಗೂ ಇತ್ತಲ್ಲ, ಒರೆಸಿಕೊಳ್ಳಲು ಸಂಕೋಚವಾಗಲಿಲ್ಲ.

ನಮ್ಮ ಯಜಮಾನರ ಮಾತು ನಿಂತುಹೋದ ವರ್ಷ, ಬೀರೂರಿನ ನಮ್ಮ ಮನೆಯ ನಡುಮನೆಯಲ್ಲಿ ಇದೇ ವಾಸನೆ ತುಂಬಿಕೊಂಡಿತ್ತು. ಆ ವರ್ಷದ ಮಾಗಿಯ ಚಳಿಯಲ್ಲಿ ಅವರೇ ಹೋದರು. ಹೋದದ್ದನ್ನು ನಾನು ಬರೆಯುವುದಿಲ್ಲ. ನಿದ್ದೆಯಲ್ಲಿ ಎರಡನೆಯ ಸಲ ಪಾರ್ಶ್ವವಾಯು ಹೊಡೆಯಿತು, ಅಷ್ಟೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಅದಕ್ಕೆ ಮುಂಚಿನ ಮಳೆಗಾಲ. ಆಷಾಢದಿಂದ ದಸರಾವರೆಗೆ ಮನೆಯವರೆಲ್ಲ ಅವರ ಬಾಯಿಯನ್ನೇ ನೋಡುತ್ತ ಕೂತಿದ್ದ ಕಾಲ.

ಅವರ ಹೆಸರು ರೇಣುಕಪ್ರಸಾದ್. ತರೀಕೆರೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಹೇಳುತ್ತಿದ್ದರು. ದಿನಾ ಬೀರೂರಿನಿಂದ ರೈಲಿನಲ್ಲಿ ಹೋಗಿಬರುವುದು. ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ನಮ್ಮ ಮಾವನವರು ಬೀರೂರಿನಲ್ಲೇ ಗಾಡಿಗಳಿಗೆ ಹಳಿ ಬದಲಿಸಿಕೊಡುವ ರೈಲ್ವೆ ಪಾಯಿಂಟ್ಸ್‌ಮನ್ ಆಗಿದ್ದವರು. ಹಾಗಾಗಿ ಇವರ ಪಾಠದಲ್ಲಿ ರೈಲು ಬರದೆ ಇರುತ್ತಿರಲಿಲ್ಲ. "ಬೀರೂರು ಜಂಕ್ಷನ್ ನೋಡಿದೋನಿಗೆ ರೂಟರ್ ಅಂದ್ರೇನು ಅಂತ ಬೇರೆ ಹೇಳ್ಬೇಕಾ?" ಎನ್ನುತ್ತಿದ್ದರು. ಕಡೂರು ಕಡೆಯಿಂದ ಬಂದ ಗಾಡಿ ತರೀಕೆರೆಯ ಹಳಿಗೆ ಹೋಗಬೇಕೋ ಅಜ್ಜಂಪುರದ ಹಳಿಗೆ ಹೋಗಬೇಕೋ ಎಂಬುದು ಬೀರೂರಿನಲ್ಲಿ ತೀರ್ಮಾನವಾಗುತ್ತದೆ. ನಾವು ಕಳಿಸುವ ಒಂದು ಸಂದೇಶವೂ ಹಾಗೆಯೇ ತುಂಡು ತುಂಡಾಗಿ, ಪ್ರತಿ ತುಂಡಿಗೂ ಒಂದು ನಂಬರು ಹಚ್ಚಿಸಿಕೊಂಡು, ಬೇರೆ ಬೇರೆ ದಾರಿಯಲ್ಲಿ ಹೋಗಿ, ಆ ಕಡೆ ಮತ್ತೆ ಒಂದಾಗುತ್ತದೆ. ಇದನ್ನೆಲ್ಲ ಊಟದ ತಟ್ಟೆಯ ಸುತ್ತ ಸೌಟು ಚಮಚ ಜೋಡಿಸಿ ತೋರಿಸುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು; ಅವರ ದಪ್ಪ ಪುಸ್ತಕದ ಪ್ರತಿಯೊಂದು ಪದವನ್ನೂ ಸ್ಪಷ್ಟವಾಗಿ ಓದಬಲ್ಲೆ, ಅರ್ಥ ಮಾತ್ರ ಆಗುತ್ತಿರಲಿಲ್ಲ. "ಸಾರು ತಣ್ಣಗಾಗ್ತಿದೆ ರೀ" ಎಂದು ಸೌಟನ್ನು ಅವರ ರೈಲ್ವೆ ಲೈನಿನಿಂದ ಎತ್ತಿಕೊಳ್ಳುತ್ತಿದ್ದೆ.

ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಹೆಚ್ಚು ಮಾತಾಡಲೂ ಇಲ್ಲ. ಪ್ರತಿ ವರ್ಷ ಒಂದು ಹೊಸ ಬ್ಯಾಚಿನ ಹುಡುಗ ಹುಡುಗಿಯರು ಸಿಗುತ್ತಿದ್ದರಲ್ಲ, ಇವರಿಗೆ ಅದೇ ಸಂಸಾರ. ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕಿ ಕಾಲು ಮುಟ್ಟಿದರೆ ಆ ದಿನ ರಾತ್ರಿ ಒಂದು ಮುದ್ದೆ ಹೆಚ್ಚು ಉಣ್ಣುತ್ತಿದ್ದರು.

ಆಷಾಢದ ಗಾಳಿ ಜೋರಾಗಿದ್ದ ಒಂದು ದಿನ ಪಾಠ ಮಾಡುತ್ತಿದ್ದವರ ಕೈಯಿಂದ ಸೀಮೆಸುಣ್ಣ ಬಿತ್ತಂತೆ. ಬಗ್ಗಿ ಎತ್ತಿಕೊಳ್ಳಲು ಹೋದವರು ಏಳಲಿಲ್ಲ. ಹುಡುಗರೇ ಹೊತ್ತುಕೊಂಡು ಶಿವಮೊಗ್ಗಕ್ಕೆ ಸೇರಿಸಿದರು. ನಾನು ಹೋದಾಗ ಬಾಯಿ ಒಂದು ಕಡೆ ಎಳೆದುಕೊಂಡಿತ್ತು, ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದ್ದೋ ವಸ್ತುವಿನ ಹಾಗೆ ಬಿದ್ದಿತ್ತು. ಡಾಕ್ಟರು ಒಳ್ಳೆಯವರು, ನನ್ನನ್ನು ಕೂರಿಸಿ ಹೇಳಿದರು: "ಕಾಲು ಬರುತ್ತೆ, ಕೈ ಸ್ವಲ್ಪ ನಿಧಾನ. ಮಾತಿಂದೇ ಕಷ್ಟ. ನೀವು ಹೇಳಿದ್ದೆಲ್ಲ ಅವರಿಗೆ ಅರ್ಥ ಆಗುತ್ತೆ ತಾಯಿ. ಹೇಳ್ಬೇಕಾದ ಪದಾನೂ ಒಳಗಿದೆ. ಬರೋ ದಾರಿ ಹಾಳಾಗಿದೆ. ಮಾತಾಡಿಸ್ತಾ ಇರಿ."

ಮಾತಾಡಿಸ್ತಾ ಇರಿ ಎಂದದ್ದನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡೆವು.

ಕಾಲೇಜಿನಿಂದ ಪ್ರಿನ್ಸಿಪಾಲರು ಮನೆಗೇ ಬಂದರು. ಸೇಬಿನ ಹಣ್ಣು ತಂದಿದ್ದರು. "ದಸರಾ ರಜೆ ಮುಗಿಯೋವರೆಗೂ ಈ ಜಾಗಾನ ಹಾಗೇ ಇಟ್ಟಿರ್ತೀವಿ ಮೇಡಂ. ಅಷ್ಟರಲ್ಲಿ ಬಂದು ಒಂದು ಕ್ಲಾಸ್ ತಗೊಳ್ಳೋ ಹಾಗಾದ್ರೆ ಸಾಕು, ಕೆಲಸ ಅವರದ್ದೇ. ಅದಕ್ಕಿಂತ ಮುಂದಕ್ಕೆ ನನ್ನ ಕೈಲಿಲ್ಲ" ಎಂದರು. ನಾನು ಬಾಗಿಲವರೆಗೆ ಕಳಿಸಿ ಒಳಗೆ ಬಂದಾಗ ಇವರು ಎಡಗೈ ಎತ್ತಿ ಗೋಡೆಯ ಕಡೆ ತೋರಿಸುತ್ತಿದ್ದರು. ಗೂಟಕ್ಕೆ ಅವರು ಬಿದ್ದ ದಿನದ ಅಂಗಿ ಹಾಗೇ ನೇತುಹಾಕಿದ್ದೆ. ಜೇಬಿನಲ್ಲಿ ಕೆಂಪು ಪೆನ್ನು, ನೀಲಿ ಪೆನ್ನು. ತೋಳಿನ ಮೇಲೆ ಸುಣ್ಣದ ಗುರುತು. ಅದನ್ನೇ ತೋರಿಸಿ, ನನ್ನ ಮುಖ ನೋಡಿ, ಮತ್ತೆ ಅದನ್ನೇ ತೋರಿಸಿದರು. ಅವರಿಗೆ ಬೇಕಾದ್ದು ಅಷ್ಟೇ ಎಂದು ನನಗೆ ತಿಳಿಯಿತು: ಇನ್ನೊಂದು ಸಲ ಆ ಮಕ್ಕಳ ಮುಂದೆ ನಿಲ್ಲಬೇಕು.

ಶ್ರಾವಣದಲ್ಲಿ ಮನೆಗೆ ನೆಂಟರು ಬರತೊಡಗಿದರು. ಅದೇ ಹೊತ್ತಿಗೆ ಬುಕ್ಕಾಂಬುಧಿಯ ನಮ್ಮ ಮೈದುನನ ಹೊಲದ ಈರುಳ್ಳಿಯೂ ಬಂತು. ಅಲ್ಲಿ ಮಳೆ ಬಿಡದೆ ಹಿಡಿದಿತ್ತು. ಮನೆಖರ್ಚಿಗೆ ಇಟ್ಟದ್ದಾದರೂ ಉಳಿಯಲಿ ಎಂದು ಅತ್ತೆ ಅದನ್ನು ತರಿಸಿ ಇವರ ಮಂಚದ ಪಕ್ಕದಲ್ಲೇ ಗೋಣಿತಾಟಿನ ಮೇಲೆ ಹರಡಿದರು. ಬಂದವರು ಈರುಳ್ಳಿ ಸರಿಸಿ ಜಾಗ ಮಾಡಿಕೊಂಡು ಕೂರುತ್ತಿದ್ದರು. ಕೂತವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ. ಕಾಯಿಲೆಯವರನ್ನು ನೋಡಲು ಬಂದಾಗ ನಮ್ಮ ಕಡೆ ಯಾರು ತಾನೇ ಬೇರೇನು ಕೇಳುತ್ತಾರೆ?

ಕಡೂರಿನಿಂದ ನನ್ನ ತಮ್ಮ ಮಂಜುನಾಥ ಬಂದ. ಇವರೆಂದರೆ ಅವನಿಗೆ ಪ್ರಾಣ. ಮಂಚದ ಮೇಲೆ ಬಗ್ಗಿ, "ಭಾವ, ನಾನ್ಯಾರು ಹೇಳಿ ನೋಡಾಣ?" ಎಂದ.

ಇವರ ತುಟಿ ಅಲುಗಿತು.

"ಮಂಜ ಕಣ್ ಭಾವ, ಮಂಜ! ಹೇಳಿ, ಮಂ..."

"ಮಂ ಅನ್ನು ಮಗಾ," ಅತ್ತೆ ಕಾಲ ಬಳಿಯಿಂದ ಕೂಗಿದರು. "ಮಂ ಅನ್ನು, ಆಮೇಲೆ ಜ ಅನ್ನು."

"ಇಲ್ನೋಡಿ ಭಾವ, ಈ ಕಡೆ. ಯಾರು ನಾನು?"

ಪಕ್ಕದ ಮನೆಯ ಲಲಿತಮ್ಮನವರು ಮಂಜನ ಭುಜದ ಮೇಲಿಂದ ಇಣುಕಿ, "ಮೇಷ್ಟ್ರೇ, ನನ್ನ ಗುರ್ತು ಸಿಕ್ತಾ? ದಿನಾ ಹಾಲು ಕೊಡ್ತಿದ್ನಲ್ಲ? ಗುರ್ತು ಸಿಕ್ತಾ?" ಎಂದರು.

ಇವರ ಎಡಗೈ ಹೊದಿಕೆಯನ್ನು ಹಿಡಿದುಕೊಂಡಿತು. ಕಣತಲೆಯ ನರ ಉಬ್ಬಿತು. ತುಟಿ ಒಂದು ಅಕ್ಷರದ ಆಕಾರಕ್ಕೆ ಬಂದು, ಮುಂದಿನ ಪ್ರಶ್ನೆ ಬಿದ್ದೊಡನೆ ಕೆಟ್ಟು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿಬಿಟ್ಟರು.

"ಪಾಪ, ಗುರ್ತೇ ಹತ್ತಲ್ಲ" ಎಂದು ಲಲಿತಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡರು. ಮಂಜ ಹೊರಗೆ ಹೋಗಿ ಸ್ಕೂಟರಿನ ಹಿಂದೆ ಕೂತು ಅತ್ತ. ಯಾರ ಪ್ರೀತಿಯಲ್ಲೂ ಕೊರತೆ ಇರಲಿಲ್ಲ. ದಿನಾ ಹೀಗೆಯೇ ಆಗುತ್ತಿತ್ತು. ಬರಬರುತ್ತ ಇವರು ಬಾಗಿಲ ಸದ್ದಾದರೆ ಸಾಕು, ಮುಂಚೆಯೇ ಗೋಡೆಯ ಕಡೆ ತಿರುಗಿಕೊಳ್ಳತೊಡಗಿದರು.

ಒಂದು ಭಾನುವಾರ ನಾಗವೇಣಿ ಬಂದಳು. ಹಿರೇನಲ್ಲೂರಿನ ಹುಡುಗಿ, ಇವರ ಹಳೆಯ ವಿದ್ಯಾರ್ಥಿನಿ, ಮುಂದೆ ಎಂಜಿನಿಯರಿಂಗೂ ಓದಿದವಳು. ಇವರು ಮಲಗಿದ ಮೇಲೆ ಕಾಲೇಜಿನವರು ಇವರ ಪಾಠಕ್ಕೆ ತಾತ್ಕಾಲಿಕವಾಗಿ ಅವಳನ್ನೇ ಹಾಕಿಕೊಂಡಿದ್ದರು. ಒಂದು ಚೀಲ ಹಸಿ ಕಡಲೆಕಾಯಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಯಾರೋ ದೂರದ ದೊಡ್ಡಪ್ಪ "ನಾನ್ಯಾರು ಹೇಳಪ್ಪಾ" ನಡೆಸಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಅದನ್ನೇ ನೋಡಿದಳು. ಆಮೇಲೆ ಸೀದಾ ಅಡುಗೆಮನೆಗೆ ಬಂದಳು.

"ಮೇಡಂ, ಒಂದ್ ಮಾತು ಹೇಳ್ಲಾ? ಬೈಬೇಡಿ."

"ಹೇಳಮ್ಮ. ಮೇಡಂ ಅನ್ಬೇಡ, ಅಕ್ಕ ಅನ್ನು."

"ಸರ್‌ಗೆ ಮಾತು ಬರಲ್ಲ ಅಂತಲ್ಲ ಅಕ್ಕ. ನೀವ್ಯಾರೂ ಬರೋಕೆ ಬಿಡ್ತಿಲ್ಲ."

ನನಗೆ ಒಂದು ಕ್ಷಣ ಸಿಟ್ಟು ಬಂತು. ಅವಳು ಕಡಲೆಕಾಯಿಯ ಚೀಲಕ್ಕೆ ಕೈಹಾಕಿ ಕಟ್ಟೆಯ ಮೇಲೆ ಒಂದೊಂದೇ ಕಾಯಿ ಇಡುತ್ತ ಹೇಳತೊಡಗಿದಳು. ಮೇಷ್ಟರ ಚಾಳಿ ಶಿಷ್ಯೆಗೂ ಬಂದಿತ್ತು.

"ಇಲ್ಲಿಂದ ಒಂದು ಪ್ಯಾಕೆಟ್, ಅಂದ್ರೆ ಸಂದೇಶದ ಒಂದು ತುಂಡು, ಕಳಿಸ್ತೀವಿ ಅಂದ್ಕೊಳ್ಳಿ. ತಲುಪ್ತು ಅಂತ ಆ ಕಡೆಯಿಂದ ಉತ್ರ ಬರ್ಬೇಕು. ಬರ್ಲಿಲ್ಲ. ಕಳಿಸಿದೋನು ಏನಂದ್ಕೋತಾನೆ? ಕಳ್ದೋಯ್ತು ಅಂತ. ಇನ್ನೊಂದು ಕಳಿಸ್ತಾನೆ. ಆದ್ರೆ ಮೊದಲ್ನೇದು ಕಳ್ದಿರಲ್ಲ. ದಾರಿ ಕಿರಿದು, ನಿಧಾನಕ್ಕೆ ಹೋಗ್ತಿರುತ್ತೆ. ಅದರ ಹಿಂದೆ ಅದೇ ಪ್ಯಾಕೆಟ್ ಇನ್ನೊಂದು, ಮತ್ತೊಂದು. ಅಲ್ಲಿದ್ದೋರೆಲ್ಲ ಹಂಗೇ ಮಾಡಿದ್ರೆ ದಾರಿ ಕಟ್ಕೊಂಡೋಗುತ್ತೆ ಅಕ್ಕ. ಆಮೇಲೆ ಯಾರದ್ದೂ ತಲುಪಲ್ಲ. ಯಾವ ವೈರೂ ಮುರಿದಿರಲ್ಲ, ಯಾವ ಮಿಷಿನ್ನೂ ಕೆಟ್ಟಿರಲ್ಲ. ಬರೀ ಆತುರ, ಅಷ್ಟೇ."

"ಮತ್ತೆ ಏನ್ ಮಾಡ್ತಾರೆ?"

"ಕಾಯ್ತಾರೆ. ಉತ್ರ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕಳಿಸಿ ಮೊದಲಿನ ಎರಡರಷ್ಟು ಕಾಯ್ತಾರೆ. ಆಗ್ಲೂ ಬರ್ಲಿಲ್ವಾ, ಅದರ ಎರಡರಷ್ಟು. ಸರ್ ಇದನ್ನ ಹೆಂಗೆ ಹೇಳ್ತಿದ್ರು ಗೊತ್ತಾ? 'ಗಾಡಿ ಕಳ್ದೋಗಿಲ್ಲ ಕಣ್ರೋ, ಔಟರ್‌ನಲ್ಲಿ ನಿಂತಿದೆ' ಅಂತ."

ಬೀರೂರಿನವರಿಗೆ ಔಟರ್ ಎಂದರೆ ವಿವರಿಸಬೇಕಿಲ್ಲ. ಸ್ಟೇಷನ್ನಿನ ಒಳಗೆ ಜಾಗ ಖಾಲಿಯಿಲ್ಲದಾಗ ಬರುವ ಗಾಡಿಯನ್ನು ಊರಾಚೆಯೇ ತಡೆದು ನಿಲ್ಲಿಸುವ ಸಿಗ್ನಲ್ ಅದು. ಕಿಟಕಿಯಿಂದ ಊರು ಕಾಣುತ್ತಿರುತ್ತದೆ, ನಮ್ಮ ಮನೆಯ ನೀರಿನ ಟ್ಯಾಂಕೂ ಕಾಣುತ್ತದೆ, ಇಳಿಯಲು ಮಾತ್ರ ಆಗುವುದಿಲ್ಲ.

ಹೊರಡುವಾಗ ನಾಗವೇಣಿ ಹಿತ್ತಲ ಬಾಗಿಲ ಹತ್ತಿರ ತಡೆದು ನಿಂತಳು. "ಇನ್ನೊಂದು ಹೇಳ್ಬಿಡ್ತೀನಿ ಅಕ್ಕ. ಸರ್ ಬಂದ್ರೆ ನಾನು ಮನೆಗೆ ಹೋಗ್ಬೇಕು. ಸರ್ ಬರ್ದೇ ಇದ್ರೆ ಕೆಲ್ಸ ನಂಗೇ. ಊರಲ್ಲಿ ಎಲ್ರೂ ಅದನ್ನೇ ಅಂತಾರೆ, ನಮ್ಮಪ್ಪಾನೂ ಅಂತಾರೆ. ಅದಕ್ಕೇ ನಂಗೆ ನಿಮ್ಮನೆಗೆ ಬರೋಕೆ ಭಯ ಆಗಿತ್ತು."

"ಮತ್ತೆ ಯಾಕ್ ಬಂದೆ?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಪ್ರತಿ ಭಾನುವಾರ ಬರತೊಡಗಿದಳು.

ಅವಳು ಮೊದಲು ಬಂದ ದಿನ ಸಂಜೆ ಮನೆ ಖಾಲಿಯಾದ ಮೇಲೆ ನಾನು ಇವರ ಪಕ್ಕದಲ್ಲಿ ಕೂತು, "ಕಾಫಿ ಬೇಕಾ, ಹಾಲು ಬೇಕಾ?" ಎಂದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ಎಷ್ಟು ಹೊತ್ತು ಕಾಯುವುದು? ಗಡಿಯಾರ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಕಾನ್ವೆಂಟಿನಲ್ಲಿ ಬೆಳಿಗ್ಗೆ ಎಲ್ಲರೂ ನಿಂತು ಹೇಳುತ್ತಿದ್ದ ಪ್ರಾರ್ಥನೆ ನೆನಪಾಯಿತು. ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡೆ. ಉತ್ತರವಿಲ್ಲ. ಮತ್ತೆ ಅದೇ ಪ್ರಶ್ನೆ ಕೇಳಿ ಪ್ರಾರ್ಥನೆಯನ್ನು ಎರಡು ಸಲ ಹೇಳಿಕೊಂಡೆ. ಸಿಸ್ಟರುಗಳು ಕಲಿಸಿದಾಗ ನನಗೆ ಅದು ಬರೀ ಇಂಗ್ಲಿಷ್ ಪಾಠ. ಎದುರಿಗಿದ್ದವರ ಮೌನವನ್ನು ಅಳೆಯಲು ಉಪಯೋಗಕ್ಕೆ ಬಂದದ್ದು ಅವತ್ತೇ.

ಅತ್ತೆ ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ.

"ಕಾ..." ಎಂದರು ಇವರು. ಹಣೆಯ ಮೇಲೆ ಬೆವರು. "ಕಾಫಿ."

ಅತ್ತೆಯ ಕೈಯಲ್ಲಿದ್ದ ಈರುಳ್ಳಿ ಉರುಳಿ ಮಂಚದ ಕೆಳಗೆ ಹೋಯಿತು.

ಆದರೆ ಮರುದಿನ ನಾನು ಕಾಯುವ ನಿಯಮ ಹೇಳಿದಾಗ ಅವರಿಗೆ ಎಲ್ಲಿಲ್ಲದ ಕೋಪ. "ಹೆತ್ತ ಮಗನ್ನ ಮಾತಾಡ್ಸೋಕೆ ನಂಗೆ ಪಾಳಿ ಹಾಕ್ತೀಯೇನೇ ಸುಮಾ? ನೀರಿನ ನಲ್ಲಿ ಅಂದ್ಕೊಂಡ್ಯಾ ಅವನ್ನ?"

"ಹಾಗಲ್ಲ ಅತ್ತೆ. ಅವರ ಮಾತು ಔಟರ್‌ನಲ್ಲಿ ನಿಂತಿದೆಯಂತೆ. ಒಳಗೆ ಜಾಗ ಖಾಲಿ ಆದ್ರೆ ಬರುತ್ತೆ. ನಾವು ಕೂಗಿ ಕೂಗಿ ಜಾಗ ತುಂಬಿಸ್ತಿದ್ದೀವಿ."

ಅತ್ತೆ ಪಾಯಿಂಟ್ಸ್‌ಮನ್‌ನ ಹೆಂಡತಿಯಾಗಿ ಬಾಳಿದವರು; ಸಿಗ್ನಲ್ಲಿನ ಕೈ ಕೆಳಗೆ ಬಿದ್ದರೆ ಗಾಡಿಗೆ ದಾರಿ ಬಿಟ್ಟಂತೆ ಎಂದು ಅವರಿಗೆ ಗೊತ್ತು. "ಅಂಗಂದ್ರೆ, ಸಿಗ್ನಲ್ ಬಿದ್ದಿಲ್ಲ ಅನ್ನು," ಎಂದರು.

ಅವತ್ತಿನಿಂದ ಬಾಗಿಲಲ್ಲಿ ಮೊರ ಹಿಡಿದು ಕೂತವರು ಅವರೇ. ಬಂದವರು ಯಾರೇ ಆಗಲಿ, "ಸುಮ್ಕೆ ಕೂತ್ಕಳ್ಳೋ ಅಂಗಿದ್ರೆ ಒಳೀಕ್ ಬಾ. ಒಂದೇ ಮಾತು ಕೇಳ್ಬೇಕು. ಸಿಗ್ನಲ್ ಬೀಳಗಂಟ ಇನ್ನೊಂದ್ ಮಾತು ಆಡಂಗಿಲ್ಲ." ನೆಂಟರಿಗೆ ಇದು ಹಿಡಿಸಲಿಲ್ಲ. "ಕಾಯ್ಲೆಯವ್ರನ್ನ ಮಾತಾಡ್ಸೋಕ್ಕೂ ಅಪ್ಪಣೆ ಬೇಕಂತೆ, ಕಾನ್ವೆಂಟಿನ ಸೊಸೆ ಕಲಿಸಿರೋ ನಾಜೂಕು" ಎಂದು ದೊಡ್ಡಪ್ಪ ಮದುವೆಮನೆಯಲ್ಲಿ ಹೇಳಿದರಂತೆ. ಮಂಜನೂ ಮುನಿಸಿಕೊಂಡ. ಲಲಿತಮ್ಮನವರು ಹಾಲನ್ನು ಗೇಟಿನಲ್ಲೇ ಇಟ್ಟು ಹೋಗತೊಡಗಿದರು. ಮನೆಗೆ ಬರುವವರು ಕಡಿಮೆಯಾದರು. ಅದರಿಂದ ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಜನ ತುಂಬಿದ್ದ ನಡುಮನೆಯಲ್ಲಿ ಮಳೆಯ ಸದ್ದು, ಸ್ಟೇಷನ್ನಿನ ಮೈಕು, ಈರುಳ್ಳಿಯ ಸಿಪ್ಪೆ ಗಾಳಿಗೆ ಸರಿದಾಡುವುದು, ಇಷ್ಟೇ ಉಳಿದವು.

ಆ ಸದ್ದುಗಳ ನಡುವೆ ಇವರ ಪದಗಳು ಒಂದೊಂದಾಗಿ ಬಂದವು. ಬಂದರೂ ಸಾಲಾಗಿ ಬರುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತವರು "ಬೇಡ" ಎಂದರು. ಅತ್ತೆ ತಟ್ಟೆ ಎತ್ತಿಬಿಟ್ಟರು. ಇವರ ಕಣ್ಣಲ್ಲಿ ನೀರು. "ಇರಿ ಅತ್ತೆ, ಇನ್ನೂ ಬರೋದಿದೆ" ಎಂದು ನಾನು ತಟ್ಟೆಯನ್ನು ಮತ್ತೆ ಇಟ್ಟೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ "ಮಜ್ಜಿಗೆ" ಬಂತು. ಇನ್ನೊಂದು ಸುತ್ತು ಆದ ಮೇಲೆ "ಸಾರು." ಸಾರು ಬೇಡ, ಮಜ್ಜಿಗೆ. ಚಮಚ ಸೌಟುಗಳನ್ನು ಜೋಡಿಸಿ ಅವರು ಎಷ್ಟೋ ರಾತ್ರಿ ಹೇಳಿದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು: ತುಂಡುಗಳು ಯಾವ ಕ್ರಮದಲ್ಲಿ ಬಂದರೂ ಸರಿ, ಎಲ್ಲ ಬರುವ ಮುಂಚೆ ತೀರ್ಮಾನ ಮಾಡಬಾರದು. ಅವರು ಹೇಳಿದಾಗ ಗಮನವಿಟ್ಟು ಕೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರೋ.

ಭಾನುವಾರ ನಾಗವೇಣಿ ಬಂದು ಪಾಠದಲ್ಲಿ ತನಗೆ ಬಂದ ಅನುಮಾನ ಕೇಳುತ್ತಿದ್ದಳು. ಅವಳಂತೆ ಕಾಯುವವರನ್ನು ನಾನು ನೋಡಿಲ್ಲ. ಮುಖದಲ್ಲಿ ಆತುರದ ಒಂದು ಗೆರೆಯೂ ಇರುತ್ತಿರಲಿಲ್ಲ. ಕಡಲೆಕಾಯಿ ಬಿಡಿಸುತ್ತ ಕೂರುತ್ತಿದ್ದಳು. ಒಮ್ಮೊಮ್ಮೆ ಅವಳು ಬಸ್ಸು ಹತ್ತಿ ಹೋದ ಮೇಲೆ ಉತ್ತರ ಬರುತ್ತಿತ್ತು. ನಾನು ಫೋನ್ ಮಾಡಿ, "ನಾಗವೇಣಿ, ಸರ್ 'ಕಿಟಕಿ, ಚಿಕ್ಕದು' ಅಂತಿದ್ದಾರೆ ಕಣಮ್ಮ. ನಮ್ಮನೆ ಕಿಟಕಿ ಏನೂ ಚಿಕ್ಕದಲ್ಲ" ಎನ್ನುತ್ತಿದ್ದೆ. ಆ ಕಡೆ ಅವಳು ಬಸ್ಸಿನಲ್ಲೇ ಕೂಗಿಬಿಡುತ್ತಿದ್ದಳು: "ಅಯ್ಯೋ ಅಕ್ಕ, ಅದು ಬೆಳಿಗ್ಗೆ ಕೇಳಿದ್ದಕ್ಕೆ ಉತ್ರ! ಒಂದ್ಸಲಕ್ಕೆ ಎಷ್ಟು ಕಳಿಸ್ಬೇಕು ಅನ್ನೋದಕ್ಕೆ ವಿಂಡೋ ಅಂತೀವಿ. ದಾರಿ ಕಟ್ಕೊಂಡಾಗ ಅದನ್ನ ಚಿಕ್ಕದು ಮಾಡ್ಬೇಕು. ಸರಿ ಇದೆ ಅಂತ ಹೇಳಿ ಸರ್‌ಗೆ!" ನಾನು ಹೇಳುತ್ತಿದ್ದೆ. ಇವರ ಮುಖದ ಬಲಭಾಗ ಆಗಲೂ ನಗುತ್ತಿರಲಿಲ್ಲ. ಎಡಭಾಗ ಎರಡರ ಪಾಲನ್ನೂ ನಗುತ್ತಿತ್ತು.

ದಸರಾ ಹೊತ್ತಿಗೆ ಕೋಲು ಹಿಡಿದು ನಡೆಯತೊಡಗಿದರು. ಎಡಗೈಯಲ್ಲಿ ಸ್ಲೇಟಿನ ಮೇಲೆ ವೃತ್ತ ಬರೆಯುವುದು ರೂಢಿಯಾಯಿತು. ಒಂದು ಚಿಕ್ಕ ವಾಕ್ಯವನ್ನು ಹೇಳಿ ಮುಗಿಸುತ್ತಿದ್ದರು, ನಾವು ಕಾದರೆ. ಆಯುಧಪೂಜೆಯ ದಿನ ಕೆಂಪು ಪೆನ್ನು ನೀಲಿ ಪೆನ್ನುಗಳಿಗೆ ಕುಂಕುಮ ಹಚ್ಚಿ ಅವರ ಮುಂದಿಟ್ಟೆ. "ಹೋಗೋಣ" ಎಂದರು. ಅದು ಒಂದೇ ಸಲಕ್ಕೆ ಬಂತು.

ರಜೆ ಮುಗಿದು ಕಾಲೇಜು ಶುರುವಾದ ದಿನ ಇಬ್ಬರೂ ಬೆಳಗಿನ ಗಾಡಿಗೆ ತರೀಕೆರೆಗೆ ಹೋದೆವು. ಗೂಟದ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಮಗನಿಗೆ ಒಂದು ಮಾತೂ ಹೇಳಲಿಲ್ಲ. ಪ್ರಿನ್ಸಿಪಾಲರು ಎದುರುಬಂದು ಕೈಹಿಡಿದು ಕರೆದುಕೊಂಡು ಹೋದರು. ನಾಗವೇಣಿ ಕ್ಲಾಸಿನ ಬಾಗಿಲಲ್ಲಿದ್ದಳು. "ಎಲ್ರಿಗೂ ಹೇಳಿದ್ದೀನಿ ಅಕ್ಕ, ಯಾರೂ ಉಸಿರೆತ್ತಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕೊನೆಯ ವರ್ಷದ ಹುಡುಗರು. ಆಷಾಢದಲ್ಲಿ ಇವರನ್ನು ಹೊತ್ತುಕೊಂಡು ಓಡಿದ್ದು ಅವರೇ. ಎಲ್ಲರೂ ಎದ್ದು ನಿಂತರು, ಕೂತರು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆ. ಇವರು ಕೋಲನ್ನು ಮೇಜಿಗೆ ಒರಗಿಸಿ, ಎಡಗೈಯಲ್ಲಿ ಸೀಮೆಸುಣ್ಣ ತಗೊಂಡು, ಹಲಗೆಯ ಮೇಲೆ ಒಂದು ವೃತ್ತ, ದೂರದಲ್ಲಿ ಇನ್ನೊಂದು ವೃತ್ತ ಬರೆದರು. ನಡುವೆ ಒಂದು ಗೆರೆ. ಗೆರೆ ಸ್ವಲ್ಪ ಸೊಟ್ಟ ಹೋಯಿತು. ಮಕ್ಕಳ ಕಡೆ ತಿರುಗಿದರು.

"ಇಲ್ಲಿಂದ," ಎಂದರು. ಎಷ್ಟು ಸ್ಪಷ್ಟವಾಗಿ! "ಇಲ್ಲಿಂದ... ಅಲ್ಲಿಗೆ..."

ಮುಂದಿನ ಪದಕ್ಕೆ ನಿಂತರು. ತುಟಿ ಅಲುಗುತ್ತಿತ್ತು. ನಾನು ಪ್ರಾರ್ಥನೆ ಶುರುಮಾಡಿದೆ. ಫ್ಯಾನು ತಿರುಗುವ ಸದ್ದು. ಒಂದು ಸಲ ಮುಗಿಯಿತು, ಎರಡನೆಯದು ಶುರುವಾಯಿತು. ಆ ಪದ ಬರುತ್ತಿತ್ತು. ಅವರ ಗಂಟಲು ಮೇಲೇರುವುದನ್ನು ನಾನು ಕಂಡೆ. ಮನೆಯಲ್ಲಿ ಎಷ್ಟೋ ಸಲ ನೋಡಿದ್ದೆ, ನನಗೆ ಗೊತ್ತಿತ್ತು.

ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ತಡೆಯಲಾಗಲಿಲ್ಲ. "ಪ್ಯಾಕೆಟ್, ಸರ್!" ಎಂದ.

ಅವನನ್ನು ಸುಮ್ಮನಿರಿಸುವ ಮೊದಲೇ ಇನ್ನೊಬ್ಬಳು, "ಡೇಟಾ ಸರ್, ಡೇಟಾ!" ಎಂದಳು. ಆಮೇಲೆ ಎಲ್ಲ ಕಡೆಯಿಂದ. "ಮೆಸೇಜ್ ಸರ್!" "ಫ್ರೇಮಾ ಸರ್?" "ಸರ್, ಕಳಿಸ್ತೀವಿ ಸರ್, ಕಳಿಸ್ತೀವಿ!" ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳುತ್ತಲೇ ಕೂಗುತ್ತಿದ್ದಳು. ತಮಾಷೆಗೆ ಕೂಗಿದವರು ಒಬ್ಬರೂ ಇರಲಿಲ್ಲ. ತಮ್ಮ ಮೇಷ್ಟರು ಅಷ್ಟು ಜನರ ಮುಂದೆ ತಡವರಿಸಿ ನಿಂತಿರುವುದನ್ನು ಆ ಮಕ್ಕಳಿಂದ ನೋಡಲಾಗಲಿಲ್ಲ. ಕೈಗೆ ಸಿಕ್ಕ ಪದವನ್ನೆಲ್ಲ ಅವರ ಕಡೆ ಎಸೆಯುತ್ತಿದ್ದರು. ಬಾಗಿಲಲ್ಲಿದ್ದ ನಾಗವೇಣಿ ಎರಡೂ ಕೈ ಎತ್ತಿ "ಶ್, ಶ್" ಎನ್ನುತ್ತಿದ್ದದ್ದನ್ನು ಯಾರೂ ನೋಡಲಿಲ್ಲ.

ಇವರ ತುಟಿ ನಿಂತಿತು. ಗೋಡೆಯ ಕಡೆ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ. ಕೂಗುತ್ತಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು. ಮನೆಗೆ ತುಂಬ ಜನ ಬಂದಾಗ ಯಾರಿಗೂ ಬೇಸರವಾಗದ ಹಾಗೆ ಎಲ್ಲರನ್ನೂ ನೋಡುವಂತೆ. ಸದ್ದು ತಾನಾಗಿ ಅಡಗಿತು. ಆಮೇಲೆ ಅವರು ಸೀಮೆಸುಣ್ಣವನ್ನು ನಾಗವೇಣಿಯ ಕಡೆ ಚಾಚಿದರು.

"ಬೇಡ ಸರ್. ಇನ್ನೊಂದ್ಸಲ ಶುರು ಮಾಡಿ ಸರ್, ಇನ್ನು ಯಾರೂ ಮಾತಾಡಲ್ಲ. ನಾನ್ ಹೇಳ್ತೀನಿ ಇವರಿಗೆ. ಬೇಡ ಸರ್."

ಚಾಚಿದ ಕೈ ಹಾಗೇ ಇತ್ತು. ಅವಳು ಬೇಡವೆಂದು ತಲೆಯಾಡಿಸಿದಳು. ಕೈ ಹಾಗೇ ಇತ್ತು. ಕೊನೆಗೆ ಅವಳು ಬಂದು ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು.

ಇವರು ನನ್ನ ಪಕ್ಕ ಬಂದು ಬೆಂಚಿನಲ್ಲಿ ಕೂತರು. ಆ ಸೊಟ್ಟ ಗೆರೆಯನ್ನು ಅಳಿಸದೆ ನಾಗವೇಣಿ ಅದರ ಮೇಲೆಯೇ ಪಾಠ ಹೇಳಿದಳು. ಮೊದಲು ಧ್ವನಿ ಒಡೆಯುತ್ತಿತ್ತು. ಆಮೇಲೆ ಗಟ್ಟಿಯಾಯಿತು. ಅವಳು ಮಕ್ಕಳಿಗೆ ಪ್ರಶ್ನೆ ಕೇಳುತ್ತಿದ್ದಳು, ಕೇಳಿ ಕಾಯುತ್ತಿದ್ದಳು. ಉತ್ತರ ಗೊತ್ತಿಲ್ಲದ ಹುಡುಗ ಕೂಡ ಅಷ್ಟು ಹೊತ್ತು ಬಿಟ್ಟರೆ ಏನಾದರೊಂದು ಹೇಳುತ್ತಿದ್ದ. ಗಂಟೆ ಹೊಡೆಯುವವರೆಗೂ ಇವರು ಹಲಗೆಯಿಂದ ಕಣ್ಣು ತೆಗೆಯಲಿಲ್ಲ.

ನಾಗವೇಣಿ ನಮ್ಮನ್ನು ಆಟೋ ಹತ್ತಿಸಿ ಕಳಿಸಿದಳು. ಮಧ್ಯಾಹ್ನದ ಮೇಲೆ ತರೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆವು. ಮೋಡ ಇಳಿದಿತ್ತು. ಎದುರಿನ ಹಳಿಯ ಜಲ್ಲಿಯ ಮೇಲೆ ಎರಡು ಮೈನಾ ಹಕ್ಕಿಗಳು. "ಇನ್ನೊಂದು ದಿನ ಬರೋಣವಾ ರೀ? ಪ್ರಿನ್ಸಿಪಾಲರು ಒಳ್ಳೆಯವರು, ಕೇಳಿದ್ರೆ ಬೇಡ ಅನ್ನಲ್ಲ" ಎಂದೆ. ಮನೆಗೆ ಹೋದ ಮೇಲೆ ಕೇಳಬಹುದಿತ್ತು, ಬಾಯಿಂದ ಬಂದುಬಿಟ್ಟಿತು. ಇವರು ಹಳಿಯನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ತುಟಿ ಅಲುಗತೊಡಗಿತು.

ಅಷ್ಟರಲ್ಲಿ ಶಿವಮೊಗ್ಗ ಕಡೆಯಿಂದ ನಮ್ಮ ಗಾಡಿ ಬಂತು. ಅಲ್ಲಿ ಅದು ನಿಲ್ಲುವುದೇ ಸ್ವಲ್ಪ ಹೊತ್ತು. ಜನ ಇಳಿದರು, ಹತ್ತಿದರು. ನಾನು ಎದ್ದು ಇವರ ತೋಳು ಹಿಡಿದರೆ ಬರುತ್ತಿದ್ದ ಮಾತು ಚದುರಿಹೋಗುತ್ತದೆ. ಏಳಲಿಲ್ಲ. ಎದುರಿನ ಬೋಗಿಯ ಬಾಗಿಲಲ್ಲಿದ್ದ ಒಬ್ಬರು, "ಹತ್ತಲ್ವೇನಮ್ಮಾ? ಯಜಮಾನ್ರಿಗೆ ಕೈ ಕೊಡ್ಲಾ?" ಎಂದರು. ಬೇಡವೆಂದು ಕೈಯಾಡಿಸಿದೆ. ಅವರು ವಿಚಿತ್ರವಾಗಿ ನೋಡುತ್ತಿದ್ದ ಹಾಗೇ ಗಾಡಿ ಅವರನ್ನು ಎಳೆದುಕೊಂಡು ಹೊರಟುಹೋಯಿತು.

ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಇವರು "ಸಾಕು" ಎಂದರು.

ಇನ್ನೂ ಬರುವುದಿದೆ ಎಂದು ಮುಖ ಹೇಳುತ್ತಿತ್ತು.

"ಅವಳು." ತುಂಬ ಹೊತ್ತಾದ ಮೇಲೆ, "ಪಾಠ." ಆಮೇಲೆ, "ನಂಗೆ." ಆಮೇಲೆ, "ಚೆನ್ನಾಗಿ." ಮೈನಾಗಳು ಹಾರಿಹೋದವು. ಮುಗಿಯಿತೇನೋ ಎಂದುಕೊಂಡಾಗ ಕೊನೆಯದು ಬಂತು: "ಹೇಳು."

ನಾನು ಜೋಡಿಸಿದೆ. "ಅವಳು ಪಾಠ ಚೆನ್ನಾಗಿ ಮಾಡ್ತಾಳೆ. ನಂಗೆ ಸಾಕು. ಅವಳಿಗೆ ಹೇಳು. ಹೀಗೇನಾ?"

ತಲೆಯಾಡಿಸಿದರು. ಎಡಗಣ್ಣಿನಿಂದ ನೀರು ಇಳಿದು ಇಸ್ತ್ರಿಯ ಅಂಗಿಯ ಮೇಲೆ ಬಿತ್ತು. ನನ್ನ ಬ್ಯಾಗಿನ ಕಡೆ, ಅದರೊಳಗಿನ ಫೋನಿನ ಕಡೆ ನೋಡಿದರು. ಈಗಲೇ ಎಂದು ಅರ್ಥ.

ಮೊದಲ ರಿಂಗಿಗೇ ನಾಗವೇಣಿ ಎತ್ತಿದಳು. "ಅಕ್ಕ, ಗಾಡಿ ಸಿಕ್ತಾ?"

"ಇಲ್ಲ ಕಣಮ್ಮ, ಮುಂದಿನದಕ್ಕೆ ಹೋಗ್ತೀವಿ. ಸರ್ ನಿಂಗೆ ಒಂದು ಮಾತು ಹೇಳು ಅಂದಿದ್ದಾರೆ." ಅವರು ಹೇಳಿದ್ದಷ್ಟನ್ನೇ ಹೇಳಿದೆ, ನನ್ನದೇನೂ ಸೇರಿಸಲಿಲ್ಲ.

ಆ ಕಡೆ ಮೌನ. ದೂರದಲ್ಲಿ ಯಾರೋ ಹುಡುಗರು ನಗುವುದು, ಬಾಗಿಲು ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಅದಾದ ಮೇಲೆ ಅವಳ ಉಸಿರು ಮಾತ್ರ. ಬೇರೆ ದಿನವಾಗಿದ್ದರೆ "ಹಲೋ, ಹಲೋ, ಕೇಳಿಸ್ತಾ?" ಎಂದು ಕೂಗಿರುತ್ತಿದ್ದೆ. ಇವರು ಎಡಗೈ ಚಾಚಿದರು. ಫೋನನ್ನು ಕೊಟ್ಟೆ. ಕಿವಿಗೆ ಒತ್ತಿ ಹಿಡಿದುಕೊಂಡರು. ಇವರೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಇಬ್ಬರಲ್ಲಿ ಒಬ್ಬರೂ ಫೋನು ಇಡಲಿಲ್ಲ.